ಚುಕ್ಕೆ

ಸ್ವಾನ್ಸಿಯ ಮಧ್ಯಾಹ್ನ. ಕಿಟಕಿಗೆ ಉಪ್ಪುಗಾಳಿ.
ಪಕ್ಕದ್ಮನೆ ಗ್ವೆನ್ ತಂದಿಟ್ಟಳು ಲ್ಯಾಪ್‌ಟಾಪು,
ಜೊತೆಗೊಂದು ಗಾಜೊರೆಸುವ ನೀಲಿ ಸೀಸೆ.

ಅದು ಬೇಡ ಗ್ವೆನ್, ಪೊರೆ ಸುಲಿದೀತು.
ಮೊದಲು ಆಫ್ ಮಾಡು, ವಯರು ಕೀಳು,
ಬಿಸಿ ಇಳಿಯಲಿ; ಅಷ್ಟರಲ್ಲಿ ಚಹಾ.

ಆರಿದ ಪರದೆ ಕನ್ನಡಿ:
ಒಣಗಿದ ಸೀನು, ಜ್ಯಾಮಿನ ಹೆಬ್ಬೆಟ್ಟು,
ಅವುಗಳ ಹಿಂದೆ ನಾವಿಬ್ಬರೂ.
ಕನ್ನಡಕದ ಬಟ್ಟೆಯ ತುದಿಗಷ್ಟೇ ನೀರು,
ಕೂಸಿನ ಮೂತಿ ಒರೆಸುವಷ್ಟು ಮೆಲ್ಲಗೆ,
ಒತ್ತದೆ, ಮೇಲಿಂದ ಕೆಳಕ್ಕೆ.

ಹೊತ್ತಿಸಿದರೆ ಅವಳ ಮೊಮ್ಮಗಳು ನೆರಿಸ್,
ಹಲ್ಲಿಲ್ಲದ ನಗು. ಕೆನ್ನೆಯ ಮೇಲೆ
ಎಳ್ಳಷ್ಟು ಕಪ್ಪು. ಒರೆಸಿದೆ. ಇನ್ನೊಮ್ಮೆ.
ಪರದೆಯೊಳಗೇ ಕಮರಿದ ಚುಕ್ಕೆ; ಬಟ್ಟೆಗೆ ಸಿಗದು.

"ಹೋಗಲಿಲ್ಲವಾ?" ಅಂದಳು.
ಇರಲಿ ಬಿಡು.
ನಮ್ಮಲ್ಲಿ ಇದನ್ನು
ಕಾಡಿಗೆಯಲ್ಲಿ ನಾವೇ ಇಡುತ್ತೇವೆ.