ಕಾಡುಕೋಳಿ ೭೭

ಗೋಣಿಕೊಪ್ಪಲಿನಲ್ಲಿ ನನ್ನನ್ನು
ಜೆರಾಕ್ಸ್ ಬೊಳ್ಳಮ್ಮ ಅಂತಾರೆ.
ಹಗಲೆಲ್ಲ ಜಮ್ಮಾ ಜಮೀನಿನ ಹಳೇ ಕಾಗದ,
ಕೋವಿ ವಿನಾಯಿತಿಯ ಪತ್ರ,
ಹಾಕಿ ಪಂದ್ಯಕ್ಕೆ ಸೇರುವ ಒಕ್ಕಗಳ ಪಟ್ಟಿ,
ಗಾಜಿನ ಮೇಲೆ ಬೋರಲು ಮಲಗಿಸಿ
ಹಸಿರು ಬೆಳಕು ಹಾಯಿಸುತ್ತೇನೆ.
ಕೀಬೋರ್ಡಿಗೆ ಪುತ್ತರಿ ಅಂದರೆ ಗೊತ್ತಿಲ್ಲ,
ಪ್ರತಿ ಸಲ ಪುತ್ರಿ ಅಂತ ತಿದ್ದುತ್ತದೆ.
ಎಲ್ಲರಿಗೂ ಪುತ್ರಿಯ ಶುಭಾಶಯ ಅಂತ
ಇನ್ನೂರು ಪ್ರತಿ ಅಚ್ಚಾಗಿ ಹೋದ ವರ್ಷ
ಪೇಟೆಗೆ ಪೇಟೆಯೇ ನಕ್ಕಿತ್ತು,
ಮಗಳಿಲ್ಲದ ನಾನೂ.

ಒಂಬತ್ತಕ್ಕೆ ಶಟರ್ ಎಳೆದರೆ ಮೇಲಿನ ಕೋಣೆ.
ಅಲ್ಲಿದೆ ನನ್ನ ಸಂಸಾರ:
ಯಾವುದಕ್ಕೂ ಹೊಂದದ, ಬಿಸಾಡಲೂ ಆಗದ
ಹನ್ನೊಂದು ಚಾರ್ಜರು,
ಮೈಸೂರಿನಿಂದ ತರಿಸಿದ ಟಕಟಕ ಕೀಬೋರ್ಡು,
ಚೀಟಿ ಹಣ ಎತ್ತಿ ಕೊಂಡ ಯುಪಿಎಸ್ಸು.
ಕರೆಂಟು ಹೋದರೆ ಅದು ಮುದಿ ಹಸುವಿನ ಹಾಗೆ ಗೊಣಗುತ್ತ
ಇಪ್ಪತ್ತು ನಿಮಿಷ ಎಲ್ಲವನ್ನೂ ಕಾಯುತ್ತದೆ.

ಆಟ ಕಾರಿನದು.
ಹಿಮ ಬಿದ್ದ ಬೆಟ್ಟ, ಹೆಸರು ಗೊತ್ತಿಲ್ಲದ ಕಡಲಂಚು.
ಹತ್ತೂರಿನವರು ಬಂದು ಹೋಗುತ್ತಾರೆ,
ಗೆಲ್ಲುವವನು ಮಾತ್ರ ದಿನಾ ಒಬ್ಬನೇ,
ಕಾಡುಕೋಳಿ ೭೭.
ತಿರುವಿನಲ್ಲಿ ಬ್ರೇಕೇ ಮುಟ್ಟದವನು.
ಇಪ್ಪತ್ತೆರಡರ ಹುಡುಗನಿರಬೇಕು ಅಂದುಕೊಂಡಿದ್ದೆ,
ಅಪ್ಪನ ಬುಲೆಟ್ ಮೋರಿಗೆ ಇಳಿಸಿ
ಮನೆಯಲ್ಲಿ ಕೂತವನು.

ಪರದೆಯ ಮೂಲೆಯಲ್ಲೊಂದು ಸಣ್ಣ ಅಂಕಿ:
ನಮ್ಮ ಬೆರಳ ಒತ್ತು ಸಿಂಗಾಪುರದ ಸರ್ವರ್ ಮುಟ್ಟಿ
ಮರಳಲು ಹಿಡಿಯುವ ಹೊತ್ತು.
ಅದನ್ನು ಯಾರೂ ನೋಡುವುದಿಲ್ಲ. ನಾನು ನೋಡುತ್ತೇನೆ.
ನನ್ನದು ಅರವತ್ತೊಂದು.
ಅವನದೂ ಅರವತ್ತೊಂದು.
ಕೇಬಲ್ ರಶೀದನ ತಂತಿಯ ಮೇಲೆ ಮಂಗ ಕುಣಿದ ಸಂಜೆ
ನನ್ನದು ಮುನ್ನೂರು.
ಅವನದೂ.

ಮಾರ್ಚ್ ತಿಂಗಳು. ಕಾಫಿಗೆ ಹೂಮಳೆ ಬೇಕೆಂದು
ಎಲ್ಲರೂ ಕತ್ತೆತ್ತಿ ನಡೆಯುವ ದಿನಗಳು.
ಬಂದದ್ದು ಬರೀ ಗಾಳಿ.
ಢಪ್.
ನನ್ನ ಫ್ಯಾನು ನಿಂತ ಗಳಿಗೆಯೇ
ಹಿಮದ ತಿರುವಿನಲ್ಲಿ ಅವನ ಕಾರೂ ನಿಂತಿತು,
ದೀಪ ಉರಿಸಿಕೊಂಡೇ.
ಯುಪಿಎಸ್ಸು ಗೊಣಗಿತು.
ಅಷ್ಟುದ್ದ ರಸ್ತೆಯಲ್ಲಿ ನಾನೊಬ್ಬಳೇ.
ಮುಂದೆ ಹೋಗಿ ಗೆಲ್ಲಬಹುದಿತ್ತು.
ಗಾಡಿ ಬದಿಗೆ ಹಾಕಿದೆ.
ಒಂದೇ ಟ್ರಾನ್ಸ್‌ಫಾರ್ಮರ್! ಅಂದೆ,
ಬಾಯಿ ಬಿಟ್ಟೇ, ಕತ್ತಲಿಗೆ.

ಹೆಡ್‌ಫೋನ್ ಕಳಚಿ ಕಿಟಕಿ ತೆರೆದರೆ
ಎದುರು ಮೆಣಸಿನ ಗೋದಾಮಿನ ಮಾಳಿಗೆಯಲ್ಲಿ
ನೀಲಿ ಚುಕ್ಕಿಯೊಂದು ಅಲ್ಲಾಡಿತು, ನಿಂತಿತು.
ಇಲ್ಲಿ ಪರದೆಯಲ್ಲಿ ಕಾರು ಮಿಸುಕಿತು.
ಅಂಕಿ ಈಗ ನೂರಾ ನಲವತ್ತು.
ಮೊಬೈಲ್ ಡೇಟಾ.

ಹಾರ್ನ್ ಒತ್ತಿದೆ.
ಅದು ರಶೀದನ ತಂತಿ ಹಿಡಿದು
ಘಟ್ಟ ಇಳಿದು, ಕಡಲಡಿ ತೆವಳಿ,
ಸಿಂಗಾಪುರದಲ್ಲಿ ಮಗ್ಗುಲು ಹೊರಳಿ
ಇಪ್ಪತ್ತಡಿ ರಸ್ತೆ ದಾಟಿ
ಎದುರು ಕಿಟಕಿಯಲ್ಲಿ
ಪೀಂ ಅಂದಿತು.
ಒಂದು ಕೆಮ್ಮು. ಆಮೇಲೆ ನಗು.
ಆ ಕೆಮ್ಮು ನನಗೆ ಗೊತ್ತು.

ಬೆಳಿಗ್ಗೆ ಅಂದುಮಾಯಿ ಹಾಜಿ ಬಂದರು.
ಎರಡು ಮೆಟ್ಟಿಲಿಗೆ ಎರಡು ಸಲ ನಿಂತು,
ಕೋಲನ್ನು ಮೇಜಿಗೆ ಒರಗಿಸಿ, ತೂಕದ ಚೀಟಿ ಚಾಚಿ,
ಪುಟಕ್ಕೆ ಮೂರು ರೂಪಾಯಾ,
ಇದೇನು ಕಾಗದವಾ ಏಲಕ್ಕಿಯಾ,
ಅಂತ ಎಂದಿನ ಜಗಳ ತೆಗೆದರು.
ನಾನೂ ಎಂದಿನಂತೆ ಬಿಡಲಿಲ್ಲ.
ಚಿಲ್ಲರೆಯನ್ನು ಎರಡು ಸಲ ಎಣಿಸಿ ಜೇಬಿಗಿಳಿಸಿ
ಹೊರಟವರು, ಮೊದಲ ಮೆಟ್ಟಿಲಲ್ಲಿ
ದಮ್ಮು ಹಿಡಿಯಲು ನಿಂತಾಗ, ರಸ್ತೆಯನ್ನೇ ನೋಡುತ್ತ ಕೇಳಿದರು:
ಆ ಯುಪಿಎಸ್ಸು ಅಂತ ಉಂಟಲ್ಲ,
ಅದಕ್ಕೆ ಎಷ್ಟಾಗ್ತದೆ?