ಕಾಗದದ ಹೊಳೆ

"ನಕ್ಷೆ ಮಡಿಚಿಡು" ಅಂದ ಕಾಲೋಜೆರೊ.
ಪಲೆರ್ಮೊದಲ್ಲಿ ಮೂವತ್ತೊಂದು ವರ್ಷ ಟಪಾಲು ಹಂಚಿದವನು;
ಎಡಭುಜ ಇನ್ನೂ ಬಲಕ್ಕಿಂತ ಎರಡು ಬೆರಳು ಕೆಳಗೆ.
ಚೀಲ ಇಳಿಸಿ ಆರು ವರ್ಷವಾಯಿತೆಂದು
ಹೆಗಲಿಗೆ ಯಾರೂ ಹೇಳಿಲ್ಲ.

ದೊಡ್ಡ ಇಗರ್ಜಿಯ ಮುಂದೆ ಬಸ್ಸುಗಳು ಜನರನ್ನು ಸುರಿಯುತ್ತಿದ್ದವು.
ಎಲ್ಲರ ಕತ್ತೂ ಮೇಲಕ್ಕೆ.
ಅವನು ನನ್ನ ತೋಳು ಹಿಡಿದು ಹಿಂಬದಿಯ ಸಂದಿಗೆ ತಿರುಗಿಸಿದ.
ಹತ್ತು ಹೆಜ್ಜೆ. ಇನ್ನೂ ಹತ್ತು.
"ಮಂಡಿ ಏನಂತು?"
"ಇಳಿಜಾರು ಅಂತು."
"ಅದು ದಂಡೆ. ಈಗ ನೀನು ನಡುಹೊಳೆಯಲ್ಲಿದ್ದೀಯ."

ನಿಂತದ್ದು ಗುಜರಿ ಅಂಗಡಿಗಳ ಎದುರು:
ಮೂರು ಕಾಲಿನ ಕುರ್ಚಿ, ಬಾಗಿಲು ಕಳಕೊಂಡ ಹಿಡಿಕೆಗಳು,
ಮೂಗಿನ ತುದಿ ಹೋದ ಸಂತ,
ಯಾರದೋ ಮದುವೆಯ ಫೋಟೋ, ಬೆಲೆ ಚೌಕಟ್ಟಿಗೆ ಮಾತ್ರ.

ಹೊಳೆ ದಾಟಿದ ಮೇಲೆ ಅಂಬಿಗನ ಹಂಗು ಯಾರಿಗೂ ಇಲ್ಲ, ಸರಿ.
ದಾಟಿದ್ದೇ ತಿಳಿಯದೆ ದಿನಕ್ಕೆ ನಾಲ್ಕು ಸಲ ದಾಟುವವರಿಗೆ
ಅಂಬಿಗನೊಬ್ಬ ಇದ್ದನೆಂದಾದರೂ ಯಾರು ಹೇಳಬೇಕು?

ಪಾಪಿರೆತೊ ಅಂತ ಹೆಸರು. ಅದರ ತುಂಬ ಆಗ
ಕಾಗದ ಮಾಡುವ ಜೊಂಡು ಬೆಳೆಯುತ್ತಿತ್ತಂತೆ.
ಸೊಳ್ಳೆ, ಜ್ವರ, ನೆರೆ; ನಾನೂರು ವರ್ಷದ ಹಿಂದೆ
ಬೇಸತ್ತು ಮುಚ್ಚಿದರಂತೆ, ಮೇಲೆ ಬೀದಿ ಹಾಸಿದರಂತೆ.
ನಮ್ಮ ನುಡಿಯಲ್ಲಿ, ಅಂದೆ, ಬರೆಯುವ ಹಾಳೆ ಕಾಗದ,
ಬರೆದು ಅಂಚೆಗೆ ಹಾಕಿದ ಮೇಲೂ ಅದು ಕಾಗದವೇ.
ಕಾಲೋಜೆರೊ ನಿಂತುಬಿಟ್ಟ.
"ಕಾ-ಗ-ದ" ಎಂದು ನಾಲಗೆಯ ಮೇಲೆ ತೂಗಿ ನೋಡಿದ.
"ಹಾಗಾದರೆ ಇದರ ಹೊರೆಯನ್ನೇ ನಾನು ಹೊತ್ತೆ"
ಅಂತ ಒಂದು ಸಿಗರೇಟು ಹಚ್ಚಿದ.

ಮುಂದೊಂದು ಬಾಗಿಲು. ಟಪಾಲು ಡಬ್ಬಿಯ ಮೇಲೆ
ಹೆಸರಿನ ಮೇಲೆ ಹೆಸರು ಅಂಟಿಸಿದ ಚೀಟಿ:
ಅಸಾಂತೆ ಕೆಳಗೆ ಮೊಂಡಲ್, ಮೊಂಡಲ್ ಕೆಳಗೆ
ಉಗುರಲ್ಲಿ ಕೆರೆದರೆ ಲೊ ಕಾಷೊ.
"ಕೆರೆಯಬೇಡ," ಅಂದ, "ಮೂವರದೂ ಬಿಲ್ಲು ಬಾಕಿಯಿದೆ."

ನಮ್ಮ ಕಡೆ ಕಾಲಿಗೆ ಬುದ್ಧಿ ಹೇಳುವುದೆಂದರೆ ಓಡಿಹೋಗುವುದು.
ಇಲ್ಲಿ ಕಾಲೇ ನನಗೆ ಬುದ್ಧಿ ಹೇಳುತ್ತಿತ್ತು:
ನಿಧಾನ, ಈ ಕಲ್ಲು ಸವೆದದ್ದು ಹೇಸರಗತ್ತೆಗಳಿಗೆ;
ಇಲ್ಲಿ ತಂಪು, ಗೋಡೆಯ ಬುಡದಲ್ಲಿ ಏನೋ ಇದೆ;
ಇಲ್ಲಿ ಬದನೆಕಾಯಿ ಕರಿಯುತ್ತಿದ್ದಾರೆ—
ಇದು ಮಾತ್ರ ಕಾಲು ಹೇಳಿದ್ದಲ್ಲ.

ದಾನಿಸಿನ್ನಿಗೆ ಇಳಿಯುವ ದಾರಿ ಒಂದೇ, ಹತ್ತುವುದೂ ಅದರಲ್ಲೇ.
ಊರ ನಡುವೆ ಬೊಗಸೆಯಂಥ ತಗ್ಗು.
ಹಗ್ಗದ ಮೇಲೆ ಚಾದರಗಳು, ಸೋಂಪಿನ ಸಾಲು,
ಗೂಟದ ಕತ್ತೆ ಯಾರನ್ನೂ ಲೆಕ್ಕಿಸದೆ ಮೇಯುತ್ತಿತ್ತು.
"ಆ ನೀಲಿ ಬಾಗಿಲು ಕ್ರೊಚಿಫಿಸ್ಸಾಳದು.
ಅವಳಿಗೆ ಯಾರೂ ಬರೆಯುತ್ತಿರಲಿಲ್ಲ.
ಕರೆಂಟು ಬಿಲ್ಲು ಕೊಟ್ಟರೆ ಮೆಟ್ಟಿಲ ಮೇಲೆ ಕೂತು
ಎರಡು ಸಲ ಓದುವಳು, ತನ್ನ ಹೆಸರಿದೆಯಲ್ಲ ಅಂತ.
ಒಂದು ಚಳಿಗಾಲ ಬಿಲ್ಲೂ ಬರಲಿಲ್ಲ.
ಆಗ ನಾನೇ—" ಅಂದವನು ಮುಂದೆ ಹೇಳಲಿಲ್ಲ.
ನಾನೂ ಕೇಳಲಿಲ್ಲ. ಕತ್ತೆ ಬಾಲ ಬೀಸಿತು.

ಹತ್ತಿ ಬರುವಾಗ ನಡುಬೀದಿಯ ಕಬ್ಬಿಣದ ಮುಚ್ಚಳಕ್ಕೆ
ಮಂಡಿಯೂರಿ ಕಿವಿಯಿಟ್ಟ. ನನಗೂ ಜಾಗ ಮಾಡಿದ.
ನನಗೆ ಕೇಳಿಸಿದ್ದು ಸ್ಕೂಟರು, ಯಾರದೋ ರೇಡಿಯೊ,
ಎರಡನೇ ಮಹಡಿಯಿಂದ ನಿನ್ಫಾ ಎಂಬಾಕೆಯ ಬೈಗುಳ:
"ಅರವತ್ತೆಂಟಾಯಿತು, ಇನ್ನೂ ಮೋರಿಯ ಜೊತೆ ಮಾತೇ!"
ಅದರ ಹಿಂದೆಯೇ ಅವಳು ಬಾಲ್ಕನಿ ತೊಳೆದ ನೀರು.

ಗೋಡೆಯಿಂದಿಳಿದು, ಕಲ್ಲುಗಳ ಸಂದಿ ಹಿಡಿದು,
ಕಿತ್ತಳೆ ಸಿಪ್ಪೆಯ ಬಳಿ ಒಂದು ಗಳಿಗೆ ತಡೆದು,
ಬಲಕ್ಕೆ ಹೊರಟದ್ದು ಏನೋ ನೆನಪಾದಂತೆ ಎಡಕ್ಕೆ ತಿರುಗಿ,
ಯಾರಲ್ಲೂ ವಿಳಾಸ ಕೇಳದೆ
ನಮ್ಮಿಬ್ಬರ ನಡುವೆ ಹಾದು
ಮುಚ್ಚಳದ ತೂತುಗಳಲ್ಲಿ ಇಳಿಯಿತು.

ಕಾಲೋಜೆರೊ ಎದ್ದು ಪ್ಯಾಂಟು ಕೊಡವಿಕೊಂಡ.
ಒಂದು ಮಂಡಿ ಒದ್ದೆ.