ನಲವತ್ತು ಕಾಲಿನದು

ಕುಶಾಲನಗರದ ಕ್ಯೂರಿಂಗ್ ವರ್ಕ್ಸಿನಿಂದ
ಬೋರ್ಡನ್ನು ಗೋಣಿತಾಟಿನಲ್ಲಿ ಸುತ್ತಿ ತಂದರು.
ಎಂಬತ್ತೇಳನೇ ಇಸವಿಯ ಯಂತ್ರ. ಸಾಲಾಗಿ ಬೀಳುವ ಬೀಜದಲ್ಲಿ
ಕಪ್ಪು ಕಂಡರೆ ಫುಸ್ಸೆಂದು ಗಾಳಿ ಊದಿ
ಪಕ್ಕಕ್ಕೆ ಹಾರಿಸುತ್ತಿತ್ತು. ಈಗ
ಒಳ್ಳೆಯದನ್ನೂ ಹಾರಿಸುತ್ತದೆ,
ಬೀಜವಿಲ್ಲದಾಗ ಬರೀ ಗಾಳಿಯನ್ನು.

ಕಿತ್ತು ಅಂಗೈಯಲ್ಲಿ ಮಗುಚಿದೆ.
ಮಳೆಗಾಲದ ಚೋರಟೆ. ಎಣಿಸಿ ನಲವತ್ತು ಕಾಲು,
ಮುಟ್ಟಿದರೆ ಸುರುಳಿ ಸುತ್ತಲು ಮಾತ್ರ ಬಾರದು.

ಮಾಡಿದವರು ಅಂಗಡಿ ಮುಚ್ಚಿದರು. ಮುಚ್ಚುವ ಮುನ್ನ ಮಾರಿದರು.
ಕೊಂಡವರು ಇನ್ನೊಬ್ಬರಲ್ಲಿ ಲೀನವಾದರು.
ಆ ಇನ್ನೊಬ್ಬರಿಗೆ ವಿರಾಜಪೇಟೆಯ ಅಂಚೆಯಿಂದ
ರಿಜಿಸ್ಟರ್ಡ್ ಪತ್ರ ಹಾಕಿದೆ, ಹೊಸದಾಗಿ ಕಟ್ಟಿಕೊಳ್ಳಲೇ ಎಂದು.
ಏಳು ತಿಂಗಳ ಮೇಲೆ ಎರಡು ಸಾಲು ಬಂತು:
ಅದು ನಮ್ಮದೋ ಅಲ್ಲವೋ ನಮಗೆ ಗೊತ್ತಿಲ್ಲ.
ನಮ್ಮದಲ್ಲವೆಂದು ತಾವು ತಿಳಿಯತಕ್ಕದ್ದಲ್ಲ.

ಚಂಗಪ್ಪ ವಕೀಲರು ಎರಡು ಸಲ ಓದಿ
ಕನ್ನಡಕ ಒರೆಸಿ ನಕ್ಕರು.
"ನಮ್ಮಂಥವರಿಗೆ ಕೋವಿಗೇ ಲೈಸೆನ್ಸ್ ಬೇಡ ಈ ಊರಲ್ಲಿ,
ಹುಳಕ್ಕೆ ಬೇಕೇನಯ್ಯಾ?"
ಆಮೇಲೆ ನಗು ನಿಲ್ಲಿಸಿ,
"ರಿಡೀಮ್ ಆಗದ ಬಾಣೆ ನೋಡಿದ್ದೀಯಲ್ಲ.
ನೆಲ ನಂದು, ಬೇಲಿ ನಂದು, ಜಿಗಣೆಯೂ ನಂದೇ.
ಅಲ್ಲಿ ನಿಂತ ಬೀಟೆಮರ ಸರ್ಕಾರದ್ದು.
ಇದೂ ಹಾಗೇ, ಪದರು ಪದರು.
ಪೇಟೆಂಟು ಇಪ್ಪತ್ತು ವರ್ಷ, ಬೂದಿಯಾಯಿತು.
ಒಳಗಿನ ಗೆರೆಗಳ ನಕ್ಷೆ ಹತ್ತು ವರ್ಷ, ಅದೂ ಹೋಯಿತು.
ಒಳಗೆ ಆಜ್ಞೆ ಬರೆದಿಟ್ಟಿದ್ದರೆ, ಅದು ಬರಹ,
ನಮ್ಮಿಬ್ಬರಿಗಿಂತ ಹೆಚ್ಚು ಬಾಳುತ್ತೆ.
ಹೆಸರಿಗೆ ಸಾವೇ ಇಲ್ಲ, ದುಡ್ಡು ಕಟ್ಟುತ್ತಿದ್ದರಾಯಿತು.
ನೀನು ಒಳಗೆ ಇಣುಕಿದ್ದೀಯಾ?"

ಇಣುಕಿದ್ದೆ. ಸತ್ತ ಇನ್ನೊಂದರ ಬೆನ್ನಿಗೆ ಆಸಿಡ್ ಸುರಿದು
ಮಸೂರದಡಿ ನೋಡಿದ್ದೆ: ಗದ್ದೆ, ಬದು, ಓಣಿ,
ತೂಬಿನಿಂದ ತೂಬಿಗೆ ಹೊಳೆಯುವ ಕಾಲುವೆ,
ಮೂಲೆಯಲ್ಲಿ ಯಾರೋ ಕೆತ್ತಿಟ್ಟ ಎರಡು ಇನಿಷಿಯಲ್.
"ಹಾಗಾದರೆ ನಿನಗೆ ಸೂತಕ," ಎಂದರು ವಕೀಲರು.
"ಕಟ್ಟುವ ಕೈ ಬೇರೆ ಇರಲಿ."

ಕಟ್ಟಿದವಳು ಅಸ್ಮಾ. ನನ್ನ ಅಂಗಡಿಯಲ್ಲೇ, ನನ್ನ ಬೆನ್ನಿಗೆ ಬೆನ್ನು.
ನಡುವೆ ಪರದೆ, ಯಾವುದೋ ಹಾಕಿ ಪಂದ್ಯದ ಹಳೇ ಬ್ಯಾನರು.
ನಾನು ಬರೆದದ್ದು ವಕೀಲರ ಮೇಜಿಗೆ ಹೋಗಿ
ಸಹಿ, ತಾರೀಖು ಬಿದ್ದು ಅವಳಿಗೆ ಮರಳುತ್ತಿತ್ತು:
ಹೀಗೆ ಕೇಳಿದರೆ ಹೀಗೆ ಹೇಳುತ್ತದೆ,
ಹೇಳಲು ಇಷ್ಟು ಹೊತ್ತು ತಡೆಯುತ್ತದೆ.
ಹೇಗೆ ಎಂಬುದೊಂದು ಎಲ್ಲೂ ಇಲ್ಲ.

ಹನ್ನೊಂದು ವಾರ.
ಟೀ ಬೇಕಾ ಎಂದರೂ ಪರದೆಯಾಚೆ
ಒಂದು ಕ್ಷಣ ಯೋಚಿಸಿ ಹ್ಞೂಂ ಎನ್ನುತ್ತಿದ್ದಳು.
ಒಂದು ಸಂಜೆ ಅವಳು ಎಲ್ಲಿ ಸಿಕ್ಕಿಕೊಂಡಿದ್ದಾಳೆ
ಎಂಬುದು ನನಗೆ ಕೀಲಿಮಣೆಯ ಸದ್ದಿನಲ್ಲೇ ತಿಳಿಯಿತು.
ಕೂಡಿದ್ದು ತುಂಬಿ ದಶಕ ಹೊರಬೀಳುವ ಜಾಗ.
ಉತ್ತರ ನಾಲಿಗೆಯ ತುದಿಯಲ್ಲಿತ್ತು.
ನುಂಗಿ, ಕೊಡೆ ತೆಗೆದುಕೊಂಡು
ಬಸ್ ಸ್ಟ್ಯಾಂಡಿನವರೆಗೆ ಸುಮ್ಮನೆ ನಡೆದೆ.

ಅವಳು ದಾಟಿದಳು.
ಮೈಯೆಲ್ಲ ಖಾಲಿಯಿದ್ದ ಹೊಸ ಚಿಪ್ಪಿನೊಳಗೆ
ತನ್ನದೇ ಓಣಿ ಕಡಿದುಕೊಂಡು,
ನನಗೆ ಇವತ್ತಿಗೂ ಗೊತ್ತಿಲ್ಲದ ದಾರಿಯಲ್ಲಿ.

ಯಂತ್ರ ಈಗ ಕಪ್ಪನ್ನು ಕಪ್ಪೆನ್ನುತ್ತದೆ.
ಹೊಸದರ ಬೆನ್ನು ಬೋಳು. ಹೆಸರಿಲ್ಲ, ನಂಬರಿಲ್ಲ.
ಮೂಲೆಯಲ್ಲಿ ಅಸ್ಮಾ ಪಿನ್ನಿನಿಂದ ಏನೋ ಗೀಚಿದ್ದಾಳೆ.
ನಾನು ಇಣುಕಲಿಲ್ಲ.

ಬಿಲ್ಲಿನಲ್ಲಿ 'ತಯಾರಿ' ಎಂದು ಬರೆದೆ, ಹೊಡೆದುಹಾಕಿದೆ.
'ರಿಪೇರಿ, ಒಂದು.'
ಮ್ಯಾನೇಜರ್ ಬೆಳ್ಯಪ್ಪ ನೋಟು ಎಣಿಸುತ್ತಾ,
ಹಿಂದಿನ ಶೆಡ್ಡಿನಲ್ಲಿ ಇಂಥವೇ ಇನ್ನೂ ನಾಲ್ಕಿವೆ ಎಂದ.

ವಕೀಲರಿಗೆ ಫೋನು ಹಚ್ಚಿದೆ.
ಅವರ ಕಚೇರಿಯಲ್ಲಿ ಅಣ್ಣತಮ್ಮಂದಿರು ಯಾರೋ
ಮರದ ಪಾಲಿಗೆ ಕೂಗಾಡುತ್ತಿದ್ದರು.
"ಒಂದಾದರೆ ರಿಪೇರಿ," ಎಂದರು. "ಐದಾದರೆ..."
ಕೂಗು ಜೋರಾಯಿತು.
"ಸೋಮವಾರ ಬಾ.
ಆ ಪತ್ರ ತಾ."